ಗರ್ಭದ ಬಾಯಿಗೆ ಗಡಿಯಾರ ಕಟ್ಟಿದವರು ಯಾರು?

ಸಿಸೇರಿಯನ್ ಹೆರಿಗೆ ಹೆಚ್ಚಾಗುತ್ತಿದೆ ಎಂಬ ಸುದ್ದಿ ಬಂದಾಗಲೆಲ್ಲ ನಮ್ಮಲ್ಲಿ ಎರಡೇ ಮಾತು ಕೇಳಿಬರುತ್ತವೆ. ಒಂದು, ಖಾಸಗಿ ಆಸ್ಪತ್ರೆಯವರು ದುಡ್ಡಿಗೋಸ್ಕರ ಕೊಯ್ಯುತ್ತಾರೆ. ಇನ್ನೊಂದು, ಈಗಿನ ಹುಡುಗಿಯರಿಗೆ ನೋವು ತಡೆಯುವ ತಾಕತ್ತಿಲ್ಲ. ಮೊದಲನೆಯದರಲ್ಲಿ ಅರ್ಧ ನಿಜ ಇದೆ. ಎರಡನೆಯದು ಏನೇ ಆದರೂ ಹೆಣ್ಣುಮಕ್ಕಳನ್ನೇ ಬೈಯುವ ನಮ್ಮ ಹಳೇ ಚಟ, ಅಷ್ಟೇ. ಈ ಗಲಾಟೆಯಲ್ಲಿ ನಾವು ಯಾರೂ ಮಾತಾಡದ ಒಂದು ಅಂಗವಿದೆ. ಅದು ಗರ್ಭಕಂಠ. ಆಡುಮಾತಿನಲ್ಲಿ ಗರ್ಭದ ಬಾಯಿ. ಹೆರಿಗೆ ನೋವಿನ ಮೊದಲ ಕೆಲವು ಗಂಟೆ ಅದು ಹೇಗೆ ವರ್ತಿಸುತ್ತದೆ, ಆ ವರ್ತನೆಯನ್ನು ನಮ್ಮ ಆಸ್ಪತ್ರೆಗಳು ಹೇಗೆ ಓದುತ್ತವೆ ಎಂಬುದರ ಮೇಲೆ ಆಕೆ ಮನೆಗೆ ವಾಪಸ್ ಹೋಗುತ್ತಾಳೋ, ಆಪರೇಷನ್ ಥಿಯೇಟರ್‌ಗೆ ಹೋಗುತ್ತಾಳೋ ಅನ್ನುವುದು ಎಷ್ಟೋ ಸಲ ನಿರ್ಧಾರವಾಗುತ್ತದೆ. ನನ್ನ ಪ್ರಕಾರ ಇದು ಬರೀ ವೈದ್ಯಕೀಯ ವಿಷಯವಲ್ಲ, ಸಿಬ್ಬಂದಿ, ಹಾಸಿಗೆ, ಬಜೆಟ್‌ನ ವಿಷಯ. ಅಂದರೆ ಶುದ್ಧ ರಾಜಕೀಯ.

ಮೊದಲು ಅಂಕಿ ಅಂಶ ನೋಡಿಬಿಡೋಣ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ (2019-21) ಪ್ರಕಾರ ದೇಶದಲ್ಲಿ ಶೇ 21.5ರಷ್ಟು ಹೆರಿಗೆಗಳು ಸಿಸೇರಿಯನ್. ಕರ್ನಾಟಕದಲ್ಲಿ ಶೇ 31.5. ಅದಕ್ಕಿಂತ ಹಿಂದಿನ ಸುತ್ತಿನಲ್ಲಿ ನಮ್ಮ ರಾಜ್ಯದ ಪ್ರಮಾಣ ಶೇ 23.6 ಇತ್ತು. ಪಕ್ಕದ ತೆಲಂಗಾಣದಲ್ಲಿ ಶೇ 60.7. ಇನ್ನು ದೇಶದ ಮಟ್ಟದಲ್ಲಿ ಸರ್ಕಾರಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಶೇ 14.3 ಸಿಸೇರಿಯನ್ ಆದರೆ, ಖಾಸಗಿಯಲ್ಲಿ ಶೇ 47.4. ಗೇಟು ಬದಲಾದರೆ ಮೂರು ಪಟ್ಟಿಗೂ ಹೆಚ್ಚು ವ್ಯತ್ಯಾಸ. ಕಷ್ಟದ ಹೆರಿಗೆಗಳು ಬಹುಪಾಲು ಬಂದು ಸೇರುವುದು ಸರ್ಕಾರಿ ಜಿಲ್ಲಾಸ್ಪತ್ರೆಗೆ ಎಂಬುದನ್ನು ನೆನಪಿಟ್ಟುಕೊಂಡರೆ ಈ ವ್ಯತ್ಯಾಸ ಇನ್ನೂ ವಿಚಿತ್ರವಾಗಿ ಕಾಣುತ್ತದೆ.

ಈಗ ಗರ್ಭದ ಬಾಯಿಯ ವಿಷಯಕ್ಕೆ ಬರೋಣ. ಗರ್ಭಕೋಶ ಬಹುತೇಕ ಸ್ನಾಯು. ಗರ್ಭಕಂಠ ಹಾಗಲ್ಲ. ಅದರಲ್ಲಿ ಹೆಚ್ಚಿನಂಶ ಕೊಲಾಜೆನ್ ಎಂಬ ಗಟ್ಟಿ ನಾರು. ಒಂಬತ್ತು ತಿಂಗಳು ಅದರ ಕೆಲಸ ಒಂದೇ, ಬಿಗಿಯಾಗಿ ಮುಚ್ಚಿಕೊಂಡು ಮಗುವನ್ನು ಒಳಗಿಟ್ಟುಕೊಳ್ಳುವುದು. ಸುಮಾರು ಮೂರು ನಾಲ್ಕು ಸೆಂಟಿಮೀಟರ್ ಉದ್ದದ ಕೊಳವೆ, ಮಧ್ಯೆ ಲೋಳೆಯ ಬಿರಡೆ. ದಿನ ತುಂಬುತ್ತಾ ಬಂದಂತೆ ಅದು ಮಾಗಬೇಕು. ಪ್ರೊಸ್ಟಾಗ್ಲಾಂಡಿನ್‌ನಂಥ ರಾಸಾಯನಿಕಗಳ ಪ್ರಭಾವದಲ್ಲಿ ನಾರು ಸಡಿಲವಾಗುತ್ತದೆ, ನೀರಿನಂಶ ಹೆಚ್ಚುತ್ತದೆ. ಪ್ರಸೂತಿ ವೈದ್ಯರು ವಿದ್ಯಾರ್ಥಿಗಳಿಗೆ ಹೇಳಿಕೊಡುವ ಹೋಲಿಕೆ ಚೆನ್ನಾಗಿದೆ: ಮಾಗದ ಗರ್ಭಕಂಠ ಬೆರಳಿಗೆ ಮೂಗಿನ ತುದಿಯ ಹಾಗೆ ಸಿಗುತ್ತದೆ, ಮಾಗಿದ್ದು ತುಟಿಯ ಹಾಗೆ.

ಮಾಗಿದ ಮೇಲೆ ಅದು ಕುಗ್ಗಬೇಕು. ಮಕ್ಕಳಿಗೆ ಕತ್ತು ಬಿಗಿ ಇರುವ ಸ್ವೆಟರ್ ತೊಡಿಸಿದ್ದೀರಾ? ತಲೆ ತೂರುವ ಮುಂಚೆ ಆ ಉದ್ದನೆಯ ಕತ್ತು ಎಳೆದುಕೊಂಡು ಸ್ವೆಟರ್‌ನ ಮೈಯೊಳಗೇ ಸೇರಿಹೋಗುತ್ತದಲ್ಲ, ಹಾಗೆ. ಕೊಳವೆಯ ಉದ್ದ ಕಮ್ಮಿಯಾಗುತ್ತಾ ಕೊನೆಗೆ ಕಾಗದದಷ್ಟು ತೆಳುವಾಗುತ್ತದೆ. ಬೆನ್ನಿನ ಕಡೆ ವಾಲಿಕೊಂಡಿದ್ದ ಬಾಯಿ ಮುಂದಕ್ಕೆ ಸರಿಯುತ್ತದೆ. ಲೋಳೆಯ ಬಿರಡೆ ಕಳಚಿ ಚೂರು ರಕ್ತದೊಂದಿಗೆ ಹೊರಬರುತ್ತದೆ. ಇಷ್ಟೆಲ್ಲದರ ಜೊತೆಗೆ, ಇಲ್ಲವೇ ಇಷ್ಟೆಲ್ಲ ಆದ ಮೇಲೆ, ಬಾಯಿ ತೆರೆಯಬೇಕು. ಪೂರ್ತಿ ತೆರೆದರೆ ಹತ್ತು ಸೆಂಟಿಮೀಟರ್. ಚೊಚ್ಚಲ ಹೆರಿಗೆಯಲ್ಲಿ ಸಾಮಾನ್ಯವಾಗಿ ಮೊದಲು ತೆಳುವಾಗಿ ಆಮೇಲೆ ತೆರೆಯುತ್ತದೆ. ಎರಡನೆಯ, ಮೂರನೆಯ ಹೆರಿಗೆಯಲ್ಲಿ ಎರಡೂ ಒಟ್ಟೊಟ್ಟಿಗೆ ನಡೆಯುತ್ತವೆ.

ಇದನ್ನು ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕಾರಣವಿದೆ. ನಮ್ಮ ಹೆರಿಗೆ ವಾರ್ಡುಗಳಲ್ಲಿ ಕೇಳಿಸುವ ಪ್ರಶ್ನೆ ಒಂದೇ: "ಎಷ್ಟು ಬೆರಳು ಬಿಟ್ಟಿದೆ?" ರಾತ್ರಿಯಿಡೀ ನೋವು ತಿಂದ ಚೊಚ್ಚಲ ಗರ್ಭಿಣಿಯನ್ನು ಬೆಳಗ್ಗೆ ನೋಡಿ "ಇನ್ನೂ ಎರಡೇ ಬೆರಳು" ಎನ್ನುತ್ತಾರೆ. ಆ ಒಂದು ಸಂಖ್ಯೆ ಕೇಳಿದ ಮನೆಯವರ ಮುಖ ಬಾಡುತ್ತದೆ. ಆದರೆ ಆ ರಾತ್ರಿಯಲ್ಲಿ ಮೂರು ಸೆಂಟಿಮೀಟರ್ ಉದ್ದದ ಕೊಳವೆ ಕರಗಿ ತೆಳುವಾಗಿರಬಹುದು, ಗಟ್ಟಿ ಇದ್ದದ್ದು ಮೆತ್ತಗಾಗಿರಬಹುದು, ಹಿಂದೆ ಇದ್ದದ್ದು ಮುಂದೆ ಬಂದಿರಬಹುದು. ದೇಹ ಅರ್ಧ ಕೆಲಸ ಮುಗಿಸಿರುತ್ತದೆ, ನಾವು ಅದನ್ನು "ಏನೂ ಆಗಿಲ್ಲ" ಅಂತ ಬರೆದುಕೊಳ್ಳುತ್ತೇವೆ. ಎಡ್ವರ್ಡ್ ಬಿಷಪ್ ಎಂಬ ವೈದ್ಯ 1964ರಲ್ಲೇ ಐದು ಸಂಗತಿಗಳನ್ನು ಒಟ್ಟಿಗೆ ಅಳೆಯುವ ಅಂಕಪಟ್ಟಿ ಕೊಟ್ಟಿದ್ದರು: ಎಷ್ಟು ತೆರೆದಿದೆ, ಎಷ್ಟು ತೆಳುವಾಗಿದೆ, ಎಷ್ಟು ಮೆತ್ತಗಿದೆ, ಯಾವ ಕಡೆ ಇದೆ, ಮಗುವಿನ ತಲೆ ಎಷ್ಟು ಕೆಳಗಿಳಿದಿದೆ. ನೋವು ಬರಿಸುವ ಮುಂಚೆ ಇವತ್ತಿಗೂ ಅದನ್ನೇ ಬಳಸುತ್ತಾರೆ. ಮನೆಯವರ ಕಿವಿಗೆ ಬೀಳುವುದು ಮಾತ್ರ ಆ ಐದರಲ್ಲಿ ಮೊದಲನೆಯದು.

ಸರಿ, ಗಂಟೆಗೊಂದು ಸೆಂಟಿಮೀಟರ್ ತೆರೆಯಬೇಕು ಎಂಬ ಲೆಕ್ಕ ಎಲ್ಲಿಂದ ಬಂತು?

1950ರ ದಶಕದ ನ್ಯೂಯಾರ್ಕ್‌ಗೆ ಹೋಗಬೇಕು. ಎಮಾನ್ಯುಯೆಲ್ ಫ್ರೀಡ್‌ಮನ್ ಎಂಬ ಯುವ ವೈದ್ಯ ಹೆರಿಗೆಗೆ ಬಂದವರ ಗರ್ಭಕಂಠ ಎಷ್ಟು ಹೊತ್ತಿಗೆ ಎಷ್ಟು ತೆರೆಯಿತು ಎಂದು ಗ್ರಾಫ್ ಹಾಳೆಯಲ್ಲಿ ಗುರುತಿಸುತ್ತಾ ಹೋದರು. 1955ರಲ್ಲಿ ಚೊಚ್ಚಲ ಹೆರಿಗೆಯ 500 ಮಹಿಳೆಯರ ಲೆಕ್ಕ ಪ್ರಕಟಿಸಿದರು. ಮೊದಲು ನಿಧಾನ, ಆಮೇಲೆ ಸರ್ರನೆ ಏರುವ ಗೆರೆ ಸಿಕ್ಕಿತು. ಆ ನಿಧಾನದ ಭಾಗಕ್ಕೆ ಸುಪ್ತ ಹಂತ, ವೇಗದ ಭಾಗಕ್ಕೆ ಸಕ್ರಿಯ ಹಂತ ಎಂದು ಹೆಸರಾಯಿತು. ಅದ್ಭುತ ಕೆಲಸವೇ. ಆದರೆ ಆ ಕಾಲದ ಅಮೆರಿಕದ ರೂಢಿಯಂತೆ ಆ ಮಹಿಳೆಯರಿಗೆ ಮತ್ತು ಬರಿಸುವ ಔಷಧಿ ಕೊಡುತ್ತಿದ್ದರು, ಅರ್ಧಕ್ಕಿಂತ ಹೆಚ್ಚು ಜನರಿಗೆ ಇಕ್ಕಳ ಹಾಕಿ ಮಗು ತೆಗೆದಿದ್ದರು. ಒಂದು ಊರಿನ ಒಂದು ಆಸ್ಪತ್ರೆಯ 500 ಜನರ ಗೆರೆ ಮುಂದಿನ ಅರ್ಧ ಶತಮಾನ ಇಡೀ ಜಗತ್ತಿನ ಗರ್ಭಕಂಠಕ್ಕೆ ಟೈಮ್‌ಟೇಬಲ್ ಆಯಿತು. ಸುಪ್ತ ಹಂತ ಚೊಚ್ಚಲಿನವರಿಗೆ 20 ಗಂಟೆವರೆಗೂ ಹೋಗಬಹುದು ಎಂದು ಸ್ವತಃ ಫ್ರೀಡ್‌ಮನ್ ಹೇಳಿದ್ದನ್ನು ಮಾತ್ರ ಅನುಕೂಲಕ್ಕೆ ತಕ್ಕಂತೆ ಮರೆತುಬಿಟ್ಟೆವು.

ಕಥೆಯ ಎರಡನೇ ಭಾಗ ನನಗೆ ಇನ್ನೂ ಮುಖ್ಯ. 1972ರಲ್ಲಿ ಈಗಿನ ಜಿಂಬಾಬ್ವೆ, ಆಗಿನ ರೊಡೀಷಿಯಾದಲ್ಲಿ ಫಿಲ್‌ಪಾಟ್ ಮತ್ತು ಕ್ಯಾಸಲ್ ಎಂಬ ಇಬ್ಬರು ವೈದ್ಯರು ಈ ಗ್ರಾಫ್‌ಗೆ ಎರಡು ಗೆರೆ ಸೇರಿಸಿದರು. ಗಂಟೆಗೊಂದು ಸೆಂಟಿಮೀಟರ್ ಲೆಕ್ಕದ ಎಚ್ಚರಿಕೆ ಗೆರೆ, ಅದರಿಂದ ನಾಲ್ಕು ಗಂಟೆ ಆಚೆಗೆ ಕ್ರಮದ ಗೆರೆ. ಉದ್ದೇಶ ಸ್ಪಷ್ಟವಿತ್ತು. ವೈದ್ಯರೇ ಇಲ್ಲದ ದೂರದ ಕ್ಲಿನಿಕ್‌ನಲ್ಲಿ ಸೂಲಗಿತ್ತಿ ನರ್ಸ್ ಒಬ್ಬಳೇ ಇರುತ್ತಾಳೆ. ಮೊದಲ ಗೆರೆ ದಾಟಿದರೆ ದೊಡ್ಡ ಆಸ್ಪತ್ರೆಗೆ ಕಳಿಸುವ ತಯಾರಿ ಮಾಡಿಕೊಳ್ಳಲಿ, ದಾರಿಯಲ್ಲಿ ಹೋಗುವ ಹೊತ್ತಿಗೆ ಅನಾಹುತ ಆಗದಿರಲಿ ಅಂತ. ಅಂದರೆ ಆ ಗೆರೆ ಗಾಡಿ ಕರೆಯುವುದಕ್ಕಿದ್ದ ಗೆರೆ, ಹೊಟ್ಟೆ ಕೊಯ್ಯುವುದಕ್ಕಿದ್ದ ಗೆರೆಯಲ್ಲ. ಪಾರ್ಟೋಗ್ರಾಫ್ ಎಂದು ಕರೆಯುವ ಆ ಹಾಳೆಯನ್ನು ಮುಂದೆ ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ದೇಶಗಳಿಗೂ ಹಂಚಿತು. ಅದರಿಂದ ಎಷ್ಟೋ ಜೀವ ಉಳಿದಿವೆ, ಅದನ್ನು ಅಲ್ಲಗಳೆಯಲಾಗದು. ಆದರೆ ಆಪರೇಷನ್ ಥಿಯೇಟರ್ ಹತ್ತು ಹೆಜ್ಜೆ ದೂರದಲ್ಲಿರುವ ಪಟ್ಟಣದ ನರ್ಸಿಂಗ್ ಹೋಮ್‌ಗೆ ಬಂದಾಗ ಅದೇ ಗೆರೆಯ ಅರ್ಥ ಬದಲಾಗಿಹೋಯಿತು.

ಆಮೇಲೆ ಗೆರೆಯೇ ಸರಿಯಿಲ್ಲ ಅನ್ನುವುದು ಗೊತ್ತಾಯಿತು. 2010ರಲ್ಲಿ ಝಾಂಗ್ ಮತ್ತು ಸಂಗಡಿಗರು ಅಮೆರಿಕದ 19 ಆಸ್ಪತ್ರೆಗಳ 62,415 ಹೆರಿಗೆಗಳನ್ನು ನೋಡಿದರು. ನಾಲ್ಕರಿಂದ ಐದು ಸೆಂಟಿಮೀಟರ್‌ಗೆ ಹೋಗಲು ಆರು ಗಂಟೆಗಿಂತ ಹೆಚ್ಚು, ಐದರಿಂದ ಆರಕ್ಕೆ ಮೂರು ಗಂಟೆಗಿಂತ ಹೆಚ್ಚು ಹಿಡಿದರೂ ಹೆರಿಗೆ ಸಹಜವಾಗಿ ಆಗಬಹುದು, ವೇಗ ಹಿಡಿಯುವುದು ಆರು ಸೆಂಟಿಮೀಟರ್ ಆದ ಮೇಲೆ ಎಂದು ಕಂಡಿತು. ನೈಜೀರಿಯಾ ಮತ್ತು ಉಗಾಂಡಾದ 5,606 ಮಹಿಳೆಯರ ಅಧ್ಯಯನ 2018ರಲ್ಲಿ ಬಂತು. ಅಲ್ಲೂ ಅದೇ ಕಥೆ, ಅನೇಕರಲ್ಲಿ ಐದು ಸೆಂಟಿಮೀಟರ್ ದಾಟುವವರೆಗೆ ವೇಗವೇ ಇಲ್ಲ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ತನ್ನ ಮಾರ್ಗಸೂಚಿ ತಿದ್ದಿಕೊಂಡಿತು. ಸಕ್ರಿಯ ಹಂತ ಶುರುವಾಗುವುದು ನಾಲ್ಕರಲ್ಲಲ್ಲ, ಐದು ಸೆಂಟಿಮೀಟರ್‌ನಲ್ಲಿ. ಸುಪ್ತ ಹಂತಕ್ಕೆ ಇಷ್ಟೇ ಗಂಟೆ ಎಂಬ ಮಿತಿ ಇಲ್ಲ, ಒಬ್ಬೊಬ್ಬರಿಗೆ ಒಂದೊಂದು ಥರ. ಗಂಟೆಗೊಂದು ಸೆಂಟಿಮೀಟರ್ ಎಂಬ ಅಳತೆಗೋಲಿನಿಂದ ಯಾರಿಗೆ ಅಪಾಯ ಎಂದು ಪತ್ತೆಹಚ್ಚಲು ಆಗುವುದಿಲ್ಲ, ಅದನ್ನು ಬಿಡಿ. 2020ರ ಡಿಸೆಂಬರ್‌ನಲ್ಲಿ ಹಳೆಯ ಪಾರ್ಟೋಗ್ರಾಫ್ ಬದಲಿಗೆ ಲೇಬರ್ ಕೇರ್ ಗೈಡ್ ಎಂಬ ಹೊಸ ಹಾಳೆಯನ್ನೂ ಕೊಟ್ಟಿತು.

ವಿಜ್ಞಾನ ತಿದ್ದಿಕೊಂಡಿತು. ವಾರ್ಡು? ಒಂದು ತಾಲೂಕು ಆಸ್ಪತ್ರೆಯ ಹಿರಿಯ ನರ್ಸ್ ಒಬ್ಬರಲ್ಲಿ ಈ ವಿಷಯ ಕೇಳಿದ್ದೆ. "ಅದೆಲ್ಲ ಟ್ರೈನಿಂಗ್‌ನಲ್ಲಿ ಹೇಳಿದಾರಮ್ಮ. ಐದು ಸೆಂಟಿಮೀಟರ್ ಆಗೋವರೆಗೂ ಕಾಯಿರಿ ಅಂತಾರೆ. ಎಲ್ಲಿ ಕಾಯಿಸಲಿ ಹೇಳಿ? ನನ್ನ ಹತ್ರ ಇರೋದು ನಾಕು ಟೇಬಲ್ಲು. ನೈಟ್ ಡ್ಯೂಟಿಗೆ ಒಬ್ಬಳೇ," ಅಂದರು. ಇದಕ್ಕಿಂತ ಚುಟುಕಾಗಿ ಸಮಸ್ಯೆಯನ್ನು ಹೇಳಲು ನನಗಂತೂ ಬರುವುದಿಲ್ಲ. ಕಾಯುವುದಕ್ಕೂ ಜಾಗ ಬೇಕು, ಜನ ಬೇಕು.

ಅದು ಇಲ್ಲದ ಕಡೆ ಒಂದೇ ಗರ್ಭಕಂಠಕ್ಕೆ ಎರಡು ಥರದ ನ್ಯಾಯ ಸಿಗುತ್ತದೆ. ಎರಡು ಬೆರಳು ತೆರೆದ ಹೆಂಗಸು ಖಾಸಗಿ ನರ್ಸಿಂಗ್ ಹೋಮ್‌ಗೆ ಹೋದಳು ಎನ್ನಿ. ಕೂಡಲೇ ದಾಖಲು. ಕೈಗೆ ಸೂಜಿ ಚುಚ್ಚಿ ಹಾಸಿಗೆಗೆ ಕಟ್ಟಿಹಾಕಿದಂತೆ ಮಲಗಿಸುತ್ತಾರೆ. ದಾಖಲಾದ ಕ್ಷಣದಿಂದ ಗಡಿಯಾರ ಓಡಲು ಶುರು. ಮಧ್ಯಾಹ್ನದ ಹೊತ್ತಿಗೆ "ಪ್ರೋಗ್ರೆಸ್ ಇಲ್ಲ" ಎಂಬ ಮಾತು ಬರುತ್ತದೆ. ನೋವು ಹೆಚ್ಚಿಸಲು ಆಕ್ಸಿಟೋಸಿನ್ ಡ್ರಿಪ್ ಏರುತ್ತದೆ. ಆದರೆ ಆ ಔಷಧಿ ಕೆಲಸ ಮಾಡುವುದು ಗರ್ಭಕೋಶದ ಸ್ನಾಯುವಿನ ಮೇಲೆ, ಮಾಗದ ನಾರನ್ನು ಅದು ಮಾಗಿಸುವುದು ಕಷ್ಟ. ನೋವು ಮಾತ್ರ ಸಹಿಸಲಾಗದಷ್ಟು ಹೆಚ್ಚುತ್ತದೆ. ಸಂಕೋಚನಗಳು ಅತಿಯಾದರೆ ಮಗುವಿನ ಎದೆಬಡಿತವೂ ಏರುಪೇರಾಗುತ್ತದೆ. ಆಗ ಆಪರೇಷನ್ ನಿಜಕ್ಕೂ ಅನಿವಾರ್ಯ! ವೈದ್ಯರು ಸುಳ್ಳು ಹೇಳುತ್ತಿಲ್ಲ, ಆ ಹೊತ್ತಿಗೆ ಅದು ಸತ್ಯವೇ. ಆ ಸತ್ಯ ಹುಟ್ಟಿದ್ದು ಮಾತ್ರ ಬೆಳಗ್ಗೆ ಅವಸರದಲ್ಲಿ ದಾಖಲಿಸಿಕೊಂಡಾಗ. ಸುಪ್ತ ಹಂತದಲ್ಲೇ ದಾಖಲಾದವರಲ್ಲಿ ಡ್ರಿಪ್ಪೂ ಸಿಸೇರಿಯನ್ನೂ ಹೆಚ್ಚು ಎಂಬುದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡಿದೆ.

ಅದೇ ಎರಡು ಬೆರಳಿನ ಹೆಂಗಸು, ಬಡವಿ, ಸರ್ಕಾರಿ ಆಸ್ಪತ್ರೆಗೆ ಹೋದಳು ಎನ್ನಿ. "ಇದು ಸುಳ್ಳು ನೋವು, ಇನ್ನೂ ಟೈಮಿದೆ, ಹೋಗಿ ಬಾ" ಅಂತ ಕಳಿಸುತ್ತಾರೆ. ಆಸ್ಪತ್ರೆಯಿಂದ ಹತ್ತು ನಿಮಿಷದ ದಾರಿಯಲ್ಲಿ ಮನೆ ಇದ್ದು, ಆಟೋ ಕಾಸಿದ್ದು, ಅರ್ಧ ರಾತ್ರಿ ಕರೆದುಕೊಂಡು ಬರುವವರಿದ್ದರೆ ಅದು ಒಳ್ಳೆಯ ಸಲಹೆಯೇ. ನಲವತ್ತು ಕಿಲೋಮೀಟರ್ ದೂರದ ಹಾಡಿಯಿಂದಲೋ ತಾಂಡಾದಿಂದಲೋ ಬಂದವಳಿಗೆ? ಎರಡನೇ ಹೆರಿಗೆಯಾದರೆ ಎರಡು ಬೆರಳಿನಿಂದ ಹತ್ತು ಸೆಂಟಿಮೀಟರ್‌ಗೆ ಹೋಗುವುದು ಎಷ್ಟು ಹೊತ್ತು ಎಂದು ಯಾರೂ ಹೇಳಲಾರರು. ಆಂಬುಲೆನ್ಸ್‌ನಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಹೆರಿಗೆ ಎಂಬ ಸುದ್ದಿಗಳನ್ನು ನಾವು 'ಸಾರ್ವಜನಿಕರ ಮಾನವೀಯತೆ' ಎಂದು ಶೇರ್ ಮಾಡಿ ಸುಮ್ಮನಾಗುತ್ತೇವೆ. ಆಕೆ ಅಲ್ಲಿಗೆ ಯಾಕೆ ಬಂದಳು, ಮುಂಚೆ ಎಲ್ಲಿಂದಾದರೂ ವಾಪಸ್ ಬಂದಿದ್ದಳಾ ಅಂತ ಕೇಳುವುದಿಲ್ಲ.

ಸುಪ್ತ ಹಂತದವರನ್ನು ದಾಖಲು ಮಾಡಿಕೊಳ್ಳದೆ ಕಾಯಿಸುವುದನ್ನು ಎಲ್ಲ ಕಡೆ ನಿಯಮ ಮಾಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿಲ್ಲ. ಕಟ್ಟುನಿಟ್ಟಿನ ಸಂಶೋಧನೆಯ ಚೌಕಟ್ಟಿನಲ್ಲಿ ಮಾತ್ರ ಮಾಡಿ ಎಂದಿದೆ. ವಾಪಸ್ ಕಳಿಸುವುದು ಎಲ್ಲಿಗೆ ಮುಟ್ಟಬಹುದು ಎಂಬುದನ್ನು ಕರ್ನಾಟಕ 2022ರ ನವೆಂಬರ್‌ನಲ್ಲಿ ತುಮಕೂರಿನಲ್ಲಿ ನೋಡಿತು. ತಾಯಿ ಕಾರ್ಡ್, ಆಧಾರ್ ಇಲ್ಲವೆಂದು ಜಿಲ್ಲಾಸ್ಪತ್ರೆಯಲ್ಲಿ ಸೇರಿಸಿಕೊಳ್ಳಲಿಲ್ಲ ಎನ್ನಲಾದ ಮಹಿಳೆ ಮನೆಯಲ್ಲೇ ಅವಳಿ ಮಕ್ಕಳನ್ನು ಹೆತ್ತು, ಮಕ್ಕಳೊಂದಿಗೆ ಸತ್ತುಹೋದರು. ಆಮೇಲೆ ವೈದ್ಯೆ, ನರ್ಸ್‌ಗಳ ಅಮಾನತಾಯಿತು. ಅಲ್ಲಿ ಅಡ್ಡ ಬಂದದ್ದು ಗರ್ಭಕಂಠದ ಅಳತೆಯಲ್ಲ, ಕಾಗದ. ಆದರೆ ನೋವು ಶುರುವಾದವಳನ್ನು ಬಾಗಿಲಿನಿಂದಲೇ ಕಳಿಸಬಹುದು ಎಂಬ ಮನಸ್ಥಿತಿ ಒಂದೇ.

"ಹಾಗಾದರೆ ಸಿಸೇರಿಯನ್ ಮಾಡಿಬಿಡಲಿ ಬಿಡಿ, ತಾಯಿ ಮಗು ಇಬ್ಬರೂ ಸೇಫ್" ಎನ್ನುವವರಿದ್ದಾರೆ. ಬಳ್ಳಾರಿಯನ್ನು ನೆನಪಿಸಿಕೊಳ್ಳಿ. 2024ರ ನವೆಂಬರ್‌ನಲ್ಲಿ ಅಲ್ಲಿನ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ಒಬ್ಬೊಬ್ಬರಾಗಿ ತೀರಿಕೊಂಡರು. ಅನುಮಾನ ಹೋದದ್ದು ರಿಂಗರ್ಸ್ ಲ್ಯಾಕ್ಟೇಟ್ ಎಂಬ ಮಾಮೂಲಿ ಐವಿ ದ್ರಾವಣದ ಮೇಲೆ. ಅದಾದ ಮೇಲೆ ಸರ್ಕಾರ ಮಾಡಿಸಿದ ಪರಿಶೀಲನೆಯಲ್ಲಿ 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ಸಂಭವಿಸಿದ 464 ತಾಯಂದಿರ ಸಾವುಗಳಲ್ಲಿ ಶೇ 70ಕ್ಕೂ ಹೆಚ್ಚು ತಡೆಯಬಹುದಾಗಿದ್ದವು ಎಂದು ಬಂತು. ಬೇಕಾದಾಗ ಮಾಡುವ ಸಿಸೇರಿಯನ್ ಜೀವ ಉಳಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ದೊಡ್ಡ ಆಪರೇಷನ್. ರಕ್ತಸ್ರಾವ, ಸೋಂಕು, ಅರಿವಳಿಕೆ, ಮುಂದಿನ ಬಸಿರಿನಲ್ಲಿ ಹಳೇ ಗಾಯಕ್ಕೆ ಮಾಸು ಅಂಟಿಕೊಳ್ಳುವ ಅಪಾಯ, ಇವೆಲ್ಲ ಅದರ ಜೊತೆಗೇ ಬರುತ್ತವೆ. ಬೇಡದ ಕಡೆ ಮಾಡಿದಾಗ ಆ ಅಪಾಯವನ್ನು ಸುಮ್ಮನೆ ಹೊರಿಸಿದ ಹಾಗೆ.

ಖಾಸಗಿ ವೈದ್ಯರನ್ನೆಲ್ಲ ಖಳರನ್ನಾಗಿ ಮಾಡುವ ಆಸೆ ನನಗಿಲ್ಲ. ಒಬ್ಬರೇ ಪ್ರಸೂತಿ ತಜ್ಞೆ ನಡೆಸುವ ಸಣ್ಣ ಊರಿನ ನರ್ಸಿಂಗ್ ಹೋಮ್ ಊಹಿಸಿಕೊಳ್ಳಿ. ಬೆಳಗ್ಗೆ ಹೊರರೋಗಿಗಳು, ಸಂಜೆ ಮತ್ತೆ ಹೊರರೋಗಿಗಳು, ಅರಿವಳಿಕೆ ತಜ್ಞರು ಮೂರು ಆಸ್ಪತ್ರೆ ಸುತ್ತುವವರು, ರಾತ್ರಿ ಎರಡು ಗಂಟೆಗೆ ಕರೆದರೆ ಸಿಗುತ್ತಾರೋ ಇಲ್ಲವೋ. ಏನಾದರೂ ಹೆಚ್ಚುಕಮ್ಮಿ ಆದರೆ ಆಸ್ಪತ್ರೆ ಗಾಜು ಪುಡಿ. 18 ಗಂಟೆ ಕಾದು ಸಹಜ ಹೆರಿಗೆ ಮಾಡಿಸಿದರೆ ಬಿಲ್ಲು ಸಣ್ಣದು, ಮುಕ್ಕಾಲು ಗಂಟೆಯ ಆಪರೇಷನ್‌ಗೆ ಬಿಲ್ಲು ದೊಡ್ಡದು. ಕಾಯುವವರಿಗೆ ದಂಡ, ಕೊಯ್ಯುವವರಿಗೆ ಬಹುಮಾನ ಇರುವ ವ್ಯವಸ್ಥೆ ಕಟ್ಟಿಟ್ಟು ಒಳ್ಳೆಯತನವನ್ನು ವೈದ್ಯರ ಆತ್ಮಸಾಕ್ಷಿಗೆ ಬಿಟ್ಟರೆ ಹೇಗೆ?

ಇನ್ನು "ಹುಡುಗಿಯರೇ ಕೇಳಿ ಮಾಡಿಸಿಕೊಳ್ತಾರೆ" ಎಂಬ ಮಾತು. ಹೌದು, ಕೇಳುತ್ತಾರೆ. ಮುಹೂರ್ತ ನೋಡಿಸಿ ಬರುವ ಮನೆಗಳೂ ಇವೆ, ಅವರ ಕಥೆ ಬಿಡಿ. ಆದರೆ ನೋವಿನಲ್ಲಿ "ಕೊಯ್ದುಬಿಡಿ ಡಾಕ್ಟ್ರೇ" ಎನ್ನುವ ಹುಡುಗಿ ನಿಜಕ್ಕೂ ಕೇಳುತ್ತಿರುವುದು ಆಪರೇಷನ್ ಅಲ್ಲ, ನೋವಿನಿಂದ ಬಿಡುಗಡೆ. ಅದಕ್ಕೆ ಎಪಿಡ್ಯೂರಲ್‌ನಂಥ ಉಪಾಯ ಜಗತ್ತಿನಲ್ಲಿದೆ, ನಮ್ಮ ಬಹುಪಾಲು ಸರ್ಕಾರಿ ಹೆರಿಗೆ ವಾರ್ಡುಗಳಲ್ಲಿ ಇಲ್ಲ. ಓಡಾಡಲು ಬಿಡುವುದು, ನೀರು ಗಂಜಿ ಕುಡಿಯಲು ಕೊಡುವುದು, ಸೊಂಟ ನೀವಲು ಅಮ್ಮನೋ ಅಕ್ಕನೋ ಪಕ್ಕದಲ್ಲಿರುವುದು, ಇವು ಕಾಸಿನ ಖರ್ಚಿಲ್ಲದವು. ಜೊತೆಗೊಬ್ಬರು ಕೊನೇವರೆಗೂ ಇದ್ದರೆ ಹೆರಿಗೆಯ ಸಮಯವೂ ಸಿಸೇರಿಯನ್ ಪ್ರಮಾಣವೂ ಕಮ್ಮಿಯಾಗುತ್ತವೆ ಎಂಬುದಕ್ಕೆ ಗಟ್ಟಿ ಪುರಾವೆ ಇದೆ. ಕೇಂದ್ರದ 2017ರ 'ಲಕ್ಷ್ಯ' ಕಾರ್ಯಕ್ರಮ ಇದಕ್ಕೆ ಅವಕಾಶವನ್ನೂ ಕೊಟ್ಟಿದೆ. ಪರದೆಯೂ ಇಲ್ಲದ, ಸಾಲಾಗಿ ಟೇಬಲ್ ಇಟ್ಟ ವಾರ್ಡಿನಲ್ಲಿ ಬೇರೆಯವರ ಮನೆ ಜನರನ್ನು ಒಳಗೆ ಬಿಡುವುದು ಹೇಗೆ ಎಂದು ಸಿಬ್ಬಂದಿ ಕೇಳಿದರೆ ಅದೂ ನ್ಯಾಯವೇ. ಗಂಟೆಗೊಬ್ಬರು ಬಂದು ಒಳಗೆ ಕೈಹಾಕಿ ಪರೀಕ್ಷಿಸುವುದು, ಕೂಗಿದರೆ ಬೈಯುವುದು, ತೊಡೆಗೆ ಹೊಡೆಯುವುದು ಮಾತ್ರ ಯಾವ ಕೊರತೆಯಿಂದಲೂ ಸಮರ್ಥನೆಯಾಗುವುದಿಲ್ಲ. ಸಕ್ರಿಯ ಹಂತದಲ್ಲೂ ನಾಲ್ಕು ಗಂಟೆಗೊಮ್ಮೆ ನೋಡಿದರೆ ಸಾಕು ಎನ್ನುತ್ತದೆ ಮಾರ್ಗಸೂಚಿ. ಹೆದರಿದಾಗ ಮೈಯಲ್ಲಿ ಏರುವ ಅಡ್ರಿನಲಿನ್ ಗರ್ಭಕೋಶದ ಸಂಕೋಚನಗಳನ್ನು ಕುಂದಿಸಬಲ್ಲದು. ಹೆದರಿಸುವುದೂ ನಾವೇ, "ಪ್ರೋಗ್ರೆಸ್ ಇಲ್ಲ" ಎನ್ನುವುದೂ ನಾವೇ.

ಒಂದು ಎಚ್ಚರಿಕೆ. ಕಾಯಬೇಕು ಅಂದರೆ ಕಣ್ಣುಮುಚ್ಚಿ ಕೂರಬೇಕು ಅಂತಲ್ಲ. ನೀರು ಒಡೆದಿದ್ದರೆ, ರಕ್ತ ಹೋಗುತ್ತಿದ್ದರೆ, ಮಗುವಿನ ಅಲುಗಾಟ ಕಮ್ಮಿಯಾಗಿದ್ದರೆ, ಬಿಪಿ ಜಾಸ್ತಿ ಇದ್ದರೆ, ಜ್ವರ ಬಂದಿದ್ದರೆ, ಹಿಂದೆ ಸಿಸೇರಿಯನ್ ಆಗಿದ್ದರೆ ಎಷ್ಟು ಬೆರಳು ಎಂಬ ಲೆಕ್ಕವೇ ಬೇಡ, ನೇರ ಆಸ್ಪತ್ರೆಗೆ. ಹಳೇ ಕಾಲದ ಸೂಲಗಿತ್ತಿಯರು ಎಲ್ಲ ಸುಸೂತ್ರ ಮಾಡುತ್ತಿದ್ದರು ಎಂದು ಹಾಡಿಹೊಗಳುವವರ ಜೊತೆಗೂ ನಾನಿಲ್ಲ. ಆ ಕಾಲದಲ್ಲಿ ಸತ್ತ ತಾಯಂದಿರ ಲೆಕ್ಕ ಯಾರೂ ಬರೆದಿಡಲಿಲ್ಲ. ಅವರಿಂದ ಕಲಿಯಬೇಕಾದದ್ದು ಒಂದಿದೆ. ಅವರು ಪಕ್ಕದಲ್ಲಿ ಕೂರುತ್ತಿದ್ದರು. ಆ ಕೂರುವ ಕೆಲಸವನ್ನು ಆಧುನಿಕ ತರಬೇತಿಯೊಂದಿಗೆ ಮರಳಿ ತರುವ ಯೋಜನೆ ನಮ್ಮಲ್ಲೇ ಇದೆ. 2018ರ ಡಿಸೆಂಬರ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಮಿಡ್‌ವೈಫರಿ ಮಾರ್ಗಸೂಚಿ ಹೊರಡಿಸಿ, ನರ್ಸ್‌ಗಳಿಗೆ 18 ತಿಂಗಳ ವಿಶೇಷ ತರಬೇತಿ ಕೊಡುವುದಾಗಿ ಹೇಳಿತು. ಅಂಥ ನರ್ಸ್‌ಗಳು ಪ್ರತಿ ತಾಲೂಕು ಆಸ್ಪತ್ರೆಯ ರಾತ್ರಿ ಪಾಳಿಗೆ ಸಿಗಬೇಕು. ಒಡಿಶಾದಲ್ಲಿ ದೂರದ ಬುಡಕಟ್ಟು ಊರುಗಳ ಗರ್ಭಿಣಿಯರು ದಿನ ತುಂಬಿದಾಗ ಬಂದು ಉಳಿಯಲು ಆಸ್ಪತ್ರೆ ಪಕ್ಕದಲ್ಲೇ 'ಮಾ ಗೃಹ' ಎಂಬ ಮನೆಗಳಿವೆ. ವಾಪಸ್ ಕಳಿಸುವುದಕ್ಕೂ ದಾಖಲಿಸಿಕೊಳ್ಳುವುದಕ್ಕೂ ನಡುವೆ ಮೂರನೆಯ ದಾರಿ ಅದು. ನಮ್ಮ ಮಲೆನಾಡಿನ, ಕಲ್ಯಾಣ ಕರ್ನಾಟಕದ ಹೆರಿಗೆ ಆಸ್ಪತ್ರೆಗಳ ಪಕ್ಕ ಅಂಥ ಹತ್ತು ಹಾಸಿಗೆಯ ಕೋಣೆ ಕಟ್ಟಲು ಎಷ್ಟು ದುಡ್ಡು ಬೇಕು? ಒಂದು ಸಮಾವೇಶದ ಶಾಮಿಯಾನದ ಖರ್ಚು ಹಾಕಿ ನೋಡಿ.

ಹೊಸ ಹಾಳೆ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಎಂಬ ಭ್ರಮೆಯೂ ಬೇಡ. ಭಾರತದ ನಾಲ್ಕು ದೊಡ್ಡ ಆಸ್ಪತ್ರೆಗಳಲ್ಲಿ ಲೇಬರ್ ಕೇರ್ ಗೈಡ್ ಪ್ರಯೋಗ ನಡೆಯಿತು, ಬೆಳಗಾವಿಯ ಜೆ.ಎನ್. ಮೆಡಿಕಲ್ ಕಾಲೇಜಿನ ಸಂಶೋಧಕರೂ ಅದರಲ್ಲಿದ್ದರು. ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ತಾನಾಗಿ ನೋವು ಬಂದ, ದಿನ ತುಂಬಿದ, ಒಂದೇ ಮಗು ತಲೆ ಕೆಳಗಾಗಿದ್ದ ಚೊಚ್ಚಲ ಗರ್ಭಿಣಿಯರಲ್ಲಿ ಸಿಸೇರಿಯನ್ ಪ್ರಮಾಣ ಶೇ 45.2 ಇದ್ದದ್ದು ಶೇ 39.7 ಆಯಿತು. ಪ್ರಯೋಗ ಸಣ್ಣದಾದ್ದರಿಂದ ಈ ಇಳಿಕೆಯನ್ನು ಖಚಿತ ಎನ್ನಲಾಗದು ಎಂದು ಸಂಶೋಧನೆಯ ಲೆಕ್ಕವೇ ಹೇಳುತ್ತದೆ. ನನ್ನನ್ನು ಬೆಚ್ಚಿಬೀಳಿಸಿದ್ದು ಇಳಿಕೆಯಲ್ಲ, ಮೊದಲ ಸಂಖ್ಯೆ. ಅತಿ ಕಮ್ಮಿ ಅಪಾಯದ ಗುಂಪಿನಲ್ಲೇ ನೂರಕ್ಕೆ 45!

ಆ ಗುಂಪಿಗೆ ವೈದ್ಯಲೋಕದಲ್ಲಿ ರಾಬ್ಸನ್ ಗುಂಪು ಒಂದು ಎಂಬ ಹೆಸರಿದೆ. ಸಿಸೇರಿಯನ್ ಲೆಕ್ಕವನ್ನು ಹತ್ತು ಗುಂಪುಗಳಲ್ಲಿ ಇಡುವ ಈ ಪದ್ಧತಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಶಿಫಾರಸು ಮಾಡಿದೆ. ಹಾಗಾಗಿ ಮುಂದಿನ ಸಲ ಆರೋಗ್ಯ ಸಚಿವರು ಸದನದಲ್ಲಿ ಸಿಸೇರಿಯನ್ ಬಗ್ಗೆ ಉತ್ತರ ಕೊಡುವಾಗ ಜಿಲ್ಲಾವಾರು ಒಟ್ಟು ಸಂಖ್ಯೆ ಕೇಳಿ ತೃಪ್ತರಾಗಬೇಡಿ. ನಿಮ್ಮ ಶಾಸಕರ ಮೂಲಕವೋ ಆರ್‌ಟಿಐ ಮೂಲಕವೋ ಕೇಳಬೇಕಾದದ್ದು ಇಷ್ಟು: ಗುಂಪು ಒಂದರಲ್ಲಿ ಪ್ರತಿ ಆಸ್ಪತ್ರೆಯ, ಸರ್ಕಾರಿ ಮತ್ತು ಖಾಸಗಿ ಎರಡರ, ಪ್ರಮಾಣ ಎಷ್ಟು? ಅವರಲ್ಲಿ ಎಷ್ಟು ಜನರನ್ನು ಐದು ಸೆಂಟಿಮೀಟರ್ ಆಗುವ ಮುಂಚೆಯೇ "ಪ್ರೋಗ್ರೆಸ್ ಇಲ್ಲ" ಎಂದು ಥಿಯೇಟರ್‌ಗೆ ಒಯ್ಯಲಾಯಿತು? ನೋವೆಂದು ಬಂದು ದಾಖಲಾಗದೆ ವಾಪಸ್ ಹೋದವರ ರಿಜಿಸ್ಟರ್ ಇದೆಯಾ? ಮೊದಲೆರಡಕ್ಕೆ ಉತ್ತರ ಪ್ರತಿ ಹೆರಿಗೆಯ ಕೇಸ್‌ಶೀಟಿನಲ್ಲಿ, ಗಂಟೆ ಮತ್ತು ಸೆಂಟಿಮೀಟರ್ ಸಮೇತ, ಇರಬೇಕು. ಕೂಡಿಸಿ ಬರೆಯುವ ಕೆಲಸ ಬಾಕಿ.